ಗುಂಡು ತಗುಲಿದ ಪ್ರಾಣಿ ಏನು ಮಾಡುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಗಾಯಗೊಂಡ ಪ್ರಾಣಿಯ ಜಾಡು ಹಿಡಿಯುವವರ ಜೊತೆ ನಾನು ಬಹಳ ದಿನ ಓಡಾಡಿದ್ದೇನೆ. ಬೇಟೆಗೆ ಕಾನೂನಿನ ಒಪ್ಪಿಗೆ ಇರುವ ದೇಶಗಳಲ್ಲಿ ಈ ಕೆಲಸಕ್ಕೆ ದೊಡ್ಡ ಮರ್ಯಾದೆ ಇದೆ. ಮಾತಿಗೆ ಕೂತಾಗಲೂ ಪತ್ರ ಬರೆದಾಗಲೂ ಜನ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಯಾವುದನ್ನು ಬೇಕಾದರೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲ ಪ್ರಶ್ನೆಗಳು

ಸಿನಿಮಾದಲ್ಲಿ ಗುಂಡು ಬಿದ್ದ ಕೂಡಲೇ ಪ್ರಾಣಿ ಹಾರಿ ಬೀಳುತ್ತದಲ್ಲ, ನಿಜವಾಗಲೂ ಹಾಗೆ ಆಗುತ್ತಾ?

ಇಲ್ಲ. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಸಾಮಾನ್ಯ ಬೇಟೆ ರೈಫಲಿನ ಗುಂಡು 10 ಗ್ರಾಂನಷ್ಟು ತೂಗುತ್ತದೆ. ಸೆಕೆಂಡಿಗೆ 800 ಮೀಟರ್ ಆಸುಪಾಸಿನ ವೇಗದಲ್ಲಿ ಹೋಗುತ್ತದೆ. ಅದು 100 ಕಿಲೋ ತೂಕದ ಜಿಂಕೆಯ ಮೈಯೊಳಗೇ ಉಳಿದುಕೊಂಡಿತು ಅಂತ ಇಟ್ಟುಕೊಳ್ಳಿ. ಆಗ ಜಿಂಕೆಯ ಮೈ ಪಕ್ಕಕ್ಕೆ ಸರಿಯುವ ವೇಗ ಸೆಕೆಂಡಿಗೆ ಬರೀ 8 ಸೆಂಟಿಮೀಟರ್. ನಾವು ಮೆಲ್ಲಗೆ ಹೆಜ್ಜೆ ಇಡುವುದಕ್ಕಿಂತಲೂ ನಿಧಾನ. ಕೋವಿ ಹಿಡಿದವನ ಭುಜಕ್ಕೂ ಸುಮಾರು ಅಷ್ಟೇ ನೂಕು ಬಿದ್ದಿರುತ್ತದೆ. ಅವನೇನು ಹಾರಿ ಬೀಳುವುದಿಲ್ಲ ಅಲ್ವಾ?

ಪ್ರಾಣಿ ನೆಗೆದರೆ ತನ್ನ ಸ್ನಾಯುಗಳ ಬಲದಿಂದಲೇ ನೆಗೆಯುತ್ತದೆ. ಬಿದ್ದರೆ ಅದಕ್ಕೆ ಕಾರಣ ಮೂರು: ಮಿದುಳಿನಿಂದ ಕಾಲಿಗೆ ಹೋಗುವ ಸಂದೇಶ ಕಡಿದಿರಬೇಕು, ರಕ್ತದ ಒತ್ತಡ ಕುಸಿದಿರಬೇಕು, ಇಲ್ಲವೇ ಮೂಳೆ ಮುರಿದಿರಬೇಕು. ಮುಂದಿನ ಉತ್ತರಗಳೆಲ್ಲ ಈ ಮೂರರ ಸುತ್ತಲೇ ಸುತ್ತುತ್ತವೆ.

ಹೃದಯಕ್ಕೇ ಗುಂಡು ಬಿದ್ದರೂ ಜಿಂಕೆ ನೂರು ಮೀಟರ್ ಓಡಿತು ಅಂತಾರೆ. ಅದು ಹೇಗೆ ಸಾಧ್ಯ?

ಹೃದಯ ಒಡೆದುಹೋದ ಗಳಿಗೆಯಲ್ಲೇ ಮಿದುಳು ನಿಲ್ಲುವುದಿಲ್ಲ. ಮಿದುಳಿಗೆ ಆಗಲೇ ತಲುಪಿರುವ ಆಮ್ಲಜನಕ ಇನ್ನೂ 10ರಿಂದ 15 ಸೆಕೆಂಡ್ ನಡೆಸುತ್ತದೆ. ಸ್ನಾಯುಗಳಂತೂ ಸ್ವಲ್ಪ ಹೊತ್ತು ಆಮ್ಲಜನಕ ಇಲ್ಲದೆಯೂ ದುಡಿಯಬಲ್ಲವು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಓಡುವ ಜಿಂಕೆ ಸೆಕೆಂಡಿಗೆ ಸುಮಾರು 14 ಮೀಟರ್ ದಾಟುತ್ತದೆ. ಎಂಟು ಸೆಕೆಂಡ್ ಓಡಿದರೆ ನೂರು ಮೀಟರ್ ದಾಟಿತು.

ಆದ್ದರಿಂದ ಈ ಓಟ ಪವಾಡವೂ ಅಲ್ಲ, ಗುರಿ ಕೆಟ್ಟದ್ದರ ಗುರುತೂ ಅಲ್ಲ. ಎಷ್ಟೋ ಸಲ ಒಳ್ಳೆಯ ಈಡು ಬಿದ್ದ ಮೇಲೆ ಕಾಣಿಸುವುದು ಇದೇ ಓಟ.

ನಿಂತಲ್ಲೇ ಕುಸಿದರೆ ಕೆಲಸ ಮುಗೀತು ಅಂತ ತಾನೆ ಅರ್ಥ?

ಇದೊಂದು ನಂಬಿಕೆಯಿಂದಲೇ ಎಷ್ಟು ಪ್ರಾಣಿಗಳು ಗಾಯಗೊಂಡು ಕಾಡು ಸೇರಿವೆಯೋ! ನಿಂತಲ್ಲೇ ಕುಸಿಯುವುದಕ್ಕೆ ಎರಡು ಕಾರಣ ಇರಬಹುದು. ಒಂದು, ಮಿದುಳಿಗೋ ಬೆನ್ನುಹುರಿಗೋ ನೇರ ಏಟು. ಇನ್ನೊಂದು, ಬೆನ್ನುಮೂಳೆಯ ಮೇಲೆ ಎದ್ದಿರುವ ಮುಳ್ಳಿನಂಥ ಚಾಚುಗಳಿಗೆ ಗುಂಡು ತಾಗಿ ಹೋಗಿರುವುದು. ಆ ಅದುರಿಗೆ ಬೆನ್ನುಹುರಿ ಕೆಲವು ಸೆಕೆಂಡ್ ಮಂಕಾಗುತ್ತದೆ. ಪ್ರಾಣಿ ಮಿಂಚು ಹೊಡೆದಂತೆ ಬೀಳುತ್ತದೆ. ಬಿದ್ದು ಕಾಲು ಬಡಿಯುತ್ತದೆ. ಅರ್ಧ ನಿಮಿಷವೋ ಒಂದು ನಿಮಿಷವೋ ಕಳೆದರೆ ಎದ್ದು ನಿಲ್ಲುತ್ತದೆ, ಓಡಿಬಿಡುತ್ತದೆ. ಆಮೇಲೆ ಅದು ಸಿಗುವುದು ತುಂಬಾ ಕಷ್ಟ. ಮೈಯೊಳಗೆ ದೊಡ್ಡ ಗಾಯ ಇರುವುದಿಲ್ಲ, ರಕ್ತದ ಜಾಡೂ ಬೇಗ ನಿಂತುಹೋಗುತ್ತದೆ.

ಅನುಭವ ಇದ್ದವರು ಪ್ರಾಣಿ ಬಿದ್ದ ಕೂಡಲೇ ಇನ್ನೊಂದು ತೋಟೆ ಏರಿಸಿ, ಗುರಿ ಅಲ್ಲೇ ಇಟ್ಟು ಕಾಯುತ್ತಾರೆ. ಖುಷಿಪಟ್ಟು ಎದ್ದು ನಿಲ್ಲುವುದಿಲ್ಲ. ಬಿದ್ದದ್ದು ತಲೆ ಎತ್ತಲು ನೋಡಿದರೆ ತಡಮಾಡದೆ ಇನ್ನೊಂದು ಈಡು ಹೊಡೆಯುತ್ತಾರೆ.

ಏನೂ ಆಗದ ಹಾಗೆ ಓಡಿಹೋದರೆ ಗುರಿ ತಪ್ಪಿತು ಅಂದುಕೊಳ್ಳಬಹುದಾ?

ಖಂಡಿತ ಬೇಡ. ಪ್ರಾಣಿ ನಿಂತಿದ್ದ ಜಾಗಕ್ಕೆ ಹೋಗಿ ನೋಡುವವರೆಗೆ 'ತಪ್ಪಿತು' ಅನ್ನುವ ಮಾತೇ ಬಾಯಿಗೆ ಬರಬಾರದು.

ಒಂದು ಸಂಜೆ ನನ್ನ ಕಣ್ಣೆದುರೇ ನಡೆದದ್ದು. ಜಿಂಕೆ ಒಂಚೂರೂ ಕುಗ್ಗಲಿಲ್ಲ, ಎಡವಲಿಲ್ಲ, ಉಳಿದವುಗಳ ಜೊತೆ ಸಲೀಸಾಗಿ ಓಡಿಹೋಯಿತು. ಹೊಡೆದವರು ತಪ್ಪಿತು ಅಂತ ಕೋವಿ ಹೆಗಲಿಗೇರಿಸಿದರು. ಜಾಡು ಹಿಡಿಯುವ ಹಿರಿಯರು ಒಪ್ಪಲಿಲ್ಲ. ಹೋಗಿ ನೋಡಿದರೆ ಹುಲ್ಲಿನ ಮೇಲೆ ಒಂದು ಹನಿಯೂ ಇಲ್ಲ. ಅವರು ಮಂಡಿಯೂರಿ ಕೂತು ಜರಿಗಿಡದ ಎಲೆಗಳನ್ನು ಒಂದೊಂದಾಗಿ ಮಗುಚಿದರು. ಏಳನೆಯದೋ ಎಂಟನೆಯದೋ ಎಲೆಯ ಅಡಿಯಲ್ಲಿ ಸಾಸಿವೆ ಕಾಳಿನಷ್ಟು ಗುಲಾಬಿ ನೊರೆ ಅಂಟಿಕೊಂಡಿತ್ತು. ಎಪ್ಪತ್ತು ಹೆಜ್ಜೆ ಆಚೆ ಜಿಂಕೆ ಸತ್ತು ಬಿದ್ದಿತ್ತು. ಓಡುವಾಗ ಎಲೆ ಮೈಗೆ ಉಜ್ಜಿ, ಹನಿ ಅಡಿಭಾಗಕ್ಕೆ ಹತ್ತಿತ್ತು.

ಯಾವ ಜಾಗಕ್ಕೆ ತಗುಲಿದರೆ ಪ್ರಾಣಿ ಹೇಗೆ ಆಡುತ್ತೆ? ಒಂದೇ ಕಡೆ ಹೇಳಿಬಿಡಿ.

ಜಿಂಕೆ ಜಾತಿಯನ್ನೇ ಮಾದರಿಯಾಗಿ ಇಟ್ಟುಕೊಂಡು ಹೇಳುತ್ತೇನೆ, ಯಾಕೆಂದರೆ ಅವು ಉಳಿದ ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸಿಕೊಡುತ್ತವೆ.

ಹೃದಯಕ್ಕೆ ಬಿದ್ದರೆ ಮೇಲಕ್ಕೆ ಒಂದು ನೆಗೆತ, ಕೆಲವು ಸಲ ಹಿಂಗಾಲು ಝಾಡಿಸುವುದು, ಆಮೇಲೆ ತಲೆ ತಗ್ಗಿಸಿ ಕಣ್ಣುಮುಚ್ಚಿ ಓಡಿದ ಹಾಗೆ ನೇರ ಓಟ. ಎದುರಿಗೆ ಪೊದೆ ಇದ್ದರೆ ಅದಕ್ಕೇ ನುಗ್ಗುತ್ತದೆ. ಶ್ವಾಸಕೋಶಕ್ಕೆ ಬಿದ್ದರೆ ಮುಂದಕ್ಕೆ ಒಮ್ಮೆ ಜಿಗಿದು ಓಡುತ್ತದೆ. ಸ್ವಲ್ಪ ದೂರ ಹೋಗಿ ನಿಧಾನವಾಗುತ್ತದೆ, ತೂರಾಡುತ್ತದೆ, ಬೀಳುತ್ತದೆ. ಲಿವರ್‌ಗೆ ಬಿದ್ದರೆ ಮೈ ಕುಗ್ಗಿಸಿಕೊಂಡು ಸ್ವಲ್ಪ ಓಡಿ, ಆಮೇಲೆ ನಡೆಯಲು ಶುರುಮಾಡುತ್ತದೆ.

ಹೊಟ್ಟೆ, ಕರುಳಿಗೆ ಬಿದ್ದದ್ದನ್ನು ಒಮ್ಮೆ ನೋಡಿದರೆ ಮರೆಯುವುದಿಲ್ಲ. ಬೆನ್ನು ಬಿಲ್ಲಿನಂತೆ ಬಾಗುತ್ತದೆ. ನಾಲ್ಕು ಕಾಲೂ ಹತ್ತಿರ ಬರುತ್ತವೆ. ಓಡುವ ಬದಲು ಮೆಲ್ಲಗೆ ನಡೆದು ಹೋಗಿ ನಿಲ್ಲುತ್ತದೆ, ಹಿಂದೆ ತಿರುಗಿ ನೋಡುತ್ತದೆ, ಹತ್ತಿರದ ಮರೆಯಲ್ಲಿ ಮಲಗುತ್ತದೆ. ಬಹಳ ಹೊತ್ತು ಬದುಕಿರುತ್ತದೆ. ಎಲ್ಲಕ್ಕಿಂತ ಸಂಕಟದ ಗಾಯ ಇದು. ಇದನ್ನು ಗುರುತಿಸಲು ಬಾರದವರು ಕೋವಿ ಹಿಡಿಯಲೇಬಾರದು ಅನ್ನುವುದು ನನ್ನ ಅಭಿಪ್ರಾಯ.

ಕಾಲು ಮುರಿದರೆ ಆ ಕಡೆಗೆ ಮೈ ಕುಸಿಯುತ್ತದೆ. ಮತ್ತೆ ಸಾವರಿಸಿಕೊಂಡು ಮೂರು ಕಾಲಿನಲ್ಲಿ ಬಹಳ ದೂರ ಹೋಗುತ್ತದೆ.

ಅದಕ್ಕೆ ನೋವು ಗೊತ್ತಾಗುತ್ತಾ?

ಗೊತ್ತಾಗುತ್ತದೆ. ಆದರೆ ಮೊದಲ ಕೆಲವು ಕ್ಷಣಗಳ ಮಾತು ಬೇರೆ. ದೊಡ್ಡ ಏಟು ಬಿದ್ದ ಕೂಡಲೇ ನೋವು ಗೊತ್ತೇ ಆಗಲಿಲ್ಲ ಅಂತ ಮನುಷ್ಯರೂ ಹೇಳುತ್ತಾರೆ. ಆಫ್ರಿಕಾದಲ್ಲಿ ಸುತ್ತಾಡಿದ ಡೇವಿಡ್ ಲಿವಿಂಗ್‌ಸ್ಟನ್ ಅವರ ಭುಜವನ್ನು 1844ರಲ್ಲಿ ಒಂದು ಸಿಂಹ ಕಚ್ಚಿ ಅಲುಗಾಡಿಸಿತು. ಆ ಹೊತ್ತಿನಲ್ಲಿ ನೋವೂ ಇರಲಿಲ್ಲ, ಭಯವೂ ಇರಲಿಲ್ಲ, ಕನಸಿನಂಥ ಮಂಪರು ಕವಿದಿತ್ತು ಅಂತ ಅವರು ಆಮೇಲೆ ಬರೆದುಕೊಂಡರು. ಆ ಸಿಂಹಕ್ಕೂ ಆಗಲೇ ಗುಂಡು ತಗುಲಿತ್ತು.

ಹತ್ತು ಸೆಕೆಂಡಿನಲ್ಲಿ ಸಾಯುವ ಪ್ರಾಣಿಗೆ ಈ ಮಂಪರು ದಾಟುವಷ್ಟು ಸಮಯವೇ ಸಿಗದಿರಬಹುದು. ಹೊಟ್ಟೆಗೆ ಗುಂಡು ಬಿದ್ದು ರಾತ್ರಿಯೆಲ್ಲ ಬದುಕಿರುವ ಪ್ರಾಣಿಗೆ ಆ ರಿಯಾಯಿತಿ ಇಲ್ಲ. ಮಲಗಿದಲ್ಲಿಂದ ಏಳುವುದು, ಮತ್ತೆ ಮಲಗುವುದು, ಹಲ್ಲು ಕಡಿಯುವುದು ಇವೆಲ್ಲ ನೋವಿನ ಗುರುತೇ. ಇನ್ನೊಂದು ಮಾತು: ಬೇಟೆಗೆ ಸಿಕ್ಕಿಬೀಳುವ ಪ್ರಾಣಿಗಳು ನೋವನ್ನು ಅಡಗಿಸಿಕೊಳ್ಳುತ್ತವೆ. ಹಿಂಡಿನಲ್ಲಿ ಕುಂಟಿದ್ದೇ ಮೊದಲು ಹುಲಿಗೋ ತೋಳಕ್ಕೋ ಬಲಿಯಾಗುವುದು. ಸದ್ದು ಮಾಡಲಿಲ್ಲ ಅಂದ ಮಾತ್ರಕ್ಕೆ ನೋವಿಲ್ಲ ಅಂತಲ್ಲ.

## ಪ್ರಾಣಿಯಿಂದ ಪ್ರಾಣಿಗೆ

ಒಂದೇ ಥರದ ಗುಂಡು, ಒಂದೇ ಜಾಗ. ಆದರೂ ಒಂದೊಂದು ಪ್ರಾಣಿ ಒಂದೊಂದು ಥರ ಆಡೋದ್ಯಾಕೆ?

ಮೊದಲನೆಯದು ಗಾತ್ರ. ಸಸ್ತನಿಗಳ ಮೈತೂಕದಲ್ಲಿ ಸುಮಾರು ನೂರಕ್ಕೆ ಏಳು ಪಾಲು ರಕ್ತ. 70 ಕಿಲೋ ಜಿಂಕೆಗೆ ಐದು ಲೀಟರ್ ಇದ್ದರೆ 700 ಕಿಲೋ ಕಾಡೆಮ್ಮೆಗೆ ಐವತ್ತು ಲೀಟರ್. ಅದೇ ತೂತಿನಿಂದ ಸೋರಿ ಮುಗಿಯಲು ಎಷ್ಟು ಹೊತ್ತು ಬೇಕು, ನೀವೇ ಯೋಚಿಸಿ.

ಎರಡನೆಯದು ಸ್ವಭಾವ. ಓಡಿ ಬದುಕುವ ಪ್ರಾಣಿ ಓಡುತ್ತದೆ. ನಿಂತು ಎದುರಿಸಿ ಬದುಕುವ ಪ್ರಾಣಿ ತಿರುಗಿ ನಿಲ್ಲುತ್ತದೆ. ಅಡಗಿ ಬದುಕುವುದು ಅಡಗುತ್ತದೆ. ಗುಂಡು ಅಂದರೇನು ಅಂತ ಅದಕ್ಕೆ ಗೊತ್ತಿಲ್ಲ. ಹುಲಿಯೋ ಸಿಂಹವೋ ಮೈಮೇಲೆ ಬಿದ್ದರೆ ಏನು ಮಾಡುತ್ತಿತ್ತೋ ಅದನ್ನೇ ಮಾಡುತ್ತದೆ.

ಮೂರನೆಯದು ತೊಗಲು, ಕೊಬ್ಬು, ಕೂದಲು. ಇವು ಗಾಯವನ್ನು ಬದಲಿಸುವುದಕ್ಕಿಂತ ನಮಗೆ ಕಾಣಿಸುವುದನ್ನು ಬದಲಿಸುತ್ತವೆ.

ಮೂಸ್‌ಗೆ ಗುಂಡು ಬಿದ್ದರೆ ಸುಮ್ನೆ ನಿಂತೇ ಇರುತ್ತಂತೆ, ಹೌದಾ?

ಹೌದು, ಬಹಳ ಸಲ ಹಾಗೇ ಆಗುತ್ತದೆ. ಮೂಸ್ ಅಂದರೆ ಉತ್ತರದ ಚಳಿ ದೇಶಗಳ ದೈತ್ಯ ಜಿಂಕೆ, ಗಂಡು 500 ಕಿಲೋ ದಾಟುವ ಪ್ರಾಣಿ. ಎರಡೂ ಶ್ವಾಸಕೋಶ ತೂತಾದರೂ ಏನೋ ಯೋಚಿಸುತ್ತಿರುವ ಹಾಗೆ ನಿಂತಿರುತ್ತದೆ. ನಾಲ್ಕು ಹೆಜ್ಜೆ ನಡೆಯುತ್ತದೆ, ಮತ್ತೆ ನಿಲ್ಲುತ್ತದೆ, ಆಮೇಲೆ ಕಾಲು ನಡುಗಿ ಮಗುಚುತ್ತದೆ. ಹೊಸಬರು ಗುರಿ ತಪ್ಪಿತು ಅಂದುಕೊಳ್ಳುವುದು ಇಲ್ಲೇ. ನಿಂತಿರುವವರೆಗೆ ಇನ್ನೊಂದು ಈಡು ಹೊಡೆಯಬೇಕು ಅನ್ನುವುದು ಉತ್ತರದ ದೇಶಗಳ ಹಳೆಯ ರೂಢಿ. ಅದು ಸರಿಯಾದ ರೂಢಿ.

ಉತ್ತರ ಅಮೆರಿಕದ ಇನ್ನೊಂದು ದೊಡ್ಡ ಜಿಂಕೆ ಎಲ್ಕ್ ಬೇರೆ ಥರ. ಅದು ಹಿಂಡಿನ ಜೊತೆಗೇ ಓಡುತ್ತದೆ. ಗಾಯಗೊಂಡದ್ದು ಯಾವುದು ಅಂತ ಗುರುತು ಹತ್ತುವುದೇ ಇಲ್ಲ. ಹಿಂಡಿನಿಂದ ಒಂದು ಪ್ರಾಣಿ ಪಕ್ಕಕ್ಕೆ ಸರಿದರೆ ಅದರ ಮೇಲೆ ಕಣ್ಣಿಡಬೇಕು. ಏಟು ತಿಂದದ್ದು ಬೇರೆಯಾಗುವುದು ಬಹುತೇಕ ಎಲ್ಲ ಹಿಂಡಿನ ಪ್ರಾಣಿಗಳಲ್ಲೂ ಕಾಣುತ್ತದೆ.

ಕಾಡುಹಂದಿಗೆ ಗುಂಡು ಬಿದ್ದರೂ ರಕ್ತವೇ ಕಾಣಲ್ಲ. ಯಾಕೆ?

ಹಂದಿಯ ತೊಗಲಿನ ಕೆಳಗೆ ದಪ್ಪ ಕೊಬ್ಬು ಇದೆ. ಗುಂಡು ದಾಟಿದ ಮೇಲೆ ಆ ಕೊಬ್ಬು ಸರಿದು ತೂತನ್ನು ಮುಚ್ಚುತ್ತದೆ. ಜೊತೆಗೆ ಒರಟು ಕೂದಲು ರಕ್ತ ಹೀರಿಕೊಳ್ಳುತ್ತದೆ. ದೊಡ್ಡ ಗಂಡು ಹಂದಿಗಂತೂ ಭುಜದ ಮೇಲೆ ಗುರಾಣಿಯಂಥ ಗಟ್ಟಿ ಪದರ ಬೆಳೆದಿರುತ್ತದೆ. ಒಂದಕ್ಕೊಂದು ಕೋರೆಯಿಂದ ತಿವಿದಾಡುವಾಗ ಕಾಪಾಡಲು ಇರುವುದು ಅದು.

ಹೊಡೆತಕ್ಕೆ ಹಂದಿ ಏನನ್ನೂ ತೋರಿಸದೆ ಹೋಗುವುದೇ ಜಾಸ್ತಿ. ಓಡುತ್ತಿದ್ದರೆ ಅದೇ ವೇಗದಲ್ಲಿ ಓಡುತ್ತಲೇ ಇರುತ್ತದೆ. ನೇರ ಮುಳ್ಳುಪೊದೆಗೆ ನುಗ್ಗುತ್ತದೆ. ಇನ್ನೊಂದು ತೊಂದರೆ ಇದೆ. ಹಂದಿಯ ಹೃದಯ, ಶ್ವಾಸಕೋಶ ಎರಡೂ ಕೆಳಗೆ ಮತ್ತು ಮುಂದೆ ಇವೆ. ಜಿಂಕೆಗೆ ಇಟ್ಟ ಹಾಗೆ ಗುರಿ ಇಟ್ಟರೆ ಗುಂಡು ಹಿಂದಕ್ಕೆ ಬೀಳುತ್ತದೆ. ಪೊದೆಯೊಳಗೆ ಗಾಯಗೊಂಡ ಹಂದಿ ಇದ್ದರೆ ಬಗ್ಗಿ ನುಸುಳುವುದು ತುಂಬಾ ಅಪಾಯ. ಅದರ ಕೋರೆ ನಮ್ಮ ತೊಡೆಯ ಎತ್ತರಕ್ಕೇ ಬರುತ್ತದೆ.

ಆಫ್ರಿಕಾದ ಪ್ರಾಣಿಗಳು ಜಾಸ್ತಿ ಗಟ್ಟಿ ಅಂತಾರಲ್ಲ?

ಆ ಮಾತಿನಲ್ಲಿ ಅರ್ಧ ನಿಜವಿದೆ. ಅಲ್ಲಿನ ಹುಲ್ಲೆಗಳ ಹೃದಯ ಮುಂಗಾಲುಗಳ ನಡುವೆ, ಎದೆಯ ಕೆಳಭಾಗದಲ್ಲಿ ಇದೆ. ಬೇರೆ ಕಡೆಯಿಂದ ಹೋದವರು ಅಭ್ಯಾಸದಂತೆ ಭುಜದ ಹಿಂದೆ ಗುರಿ ಇಡುತ್ತಾರೆ. ಗುಂಡು ಶ್ವಾಸಕೋಶದ ಹಿಂತುದಿಗೋ ಲಿವರ್‌ಗೋ ಬೀಳುತ್ತದೆ. ಆಮೇಲೆ ಪ್ರಾಣಿ ಗಟ್ಟಿ ಅನ್ನುತ್ತಾರೆ.

ಅಲ್ಲೂ ಒಂದೊಂದರ ರೀತಿ ಬೇರೆ. ಇಂಪಾಲ ಸರಿಯಾದ ಜಾಗಕ್ಕೆ ಬಿದ್ದರೆ ಎತ್ತರಕ್ಕೆ ನೆಗೆಯುತ್ತದೆ. ಕುಡು ಗಾತ್ರದಲ್ಲಿ ದೊಡ್ಡದಾದರೂ ಬೇಗ ಸೋಲುತ್ತದೆ. ವೈಲ್ಡ್‌ಬೀಸ್ಟ್ ಕೊಸರಾಡಿ ಹಿಂಗಾಲು ಝಾಡಿಸಿ ಓಡುತ್ತದೆ. ಬಿದ್ದ ಮೇಲೂ ಎದ್ದು ಹೋಗುವುದಕ್ಕೆ ಅದು ಹೆಸರುವಾಸಿ. ಜೀಬ್ರಾ ಕೂಡ ಹಾಗೇ, ಬಿಡದ ಜೀವ. ಈಲ್ಯಾಂಡ್ ಹುಲ್ಲೆಗಳಲ್ಲೇ ಭಾರವಾದದ್ದು, ಗಂಡು 900 ಕಿಲೋವರೆಗೂ ತೂಗಬಹುದು. ಗುಂಡು ಬಿದ್ದರೂ ಅವಸರ ತೋರಿಸದೆ ಕುಕ್ಕುಲೋಟದಲ್ಲಿ ಮೈಲಿಗಟ್ಟಲೆ ಹೋಗಬಲ್ಲದು. ಗೆಮ್ಸ್‌ಬಕ್ ಮಲಗಿರುವಾಗ ಹತ್ತಿರ ಹೋಗಬಾರದು, ಮಲಗಿದಲ್ಲಿಂದಲೇ ಕತ್ತಿಯಂಥ ಕೊಂಬು ಬೀಸುತ್ತದೆ.

ಕೇಪ್ ಬಫಲೋ ಗಾಯಗೊಂಡರೆ ಕಾದು ಕೂತು ಸೇಡು ತೀರಿಸಿಕೊಳ್ಳುತ್ತೆ ಅನ್ನೋದು ಕಥೆ ತಾನೆ?

ಸೇಡು ಅನ್ನುವುದು ನಮ್ಮ ಮಾತು. ಕಾಯುವುದು ಮಾತ್ರ ನಿಜ. ಗುಂಡು ಬಿದ್ದ ಈ ಆಫ್ರಿಕಾದ ಕಾಡೆಮ್ಮೆ ಮೈ ಕುಗ್ಗಿಸಿ, ಮುಂದಕ್ಕೆ ನುಗ್ಗಿ, ಹಿಂಡಿನ ಜೊತೆ ಓಡುತ್ತದೆ. ಆಮೇಲೆ ಹಿಂಡು ಬಿಟ್ಟು ದಟ್ಟ ಪೊದೆ ಸೇರುತ್ತದೆ. ಅಲ್ಲಿ ಬಂದ ದಾರಿಯ ಕಡೆಗೆ ಮುಖ ಮಾಡಿ ನಿಲ್ಲುತ್ತದೆ, ಕೆಲವು ಸಲ ಸುತ್ತು ಹಾಕಿ ತನ್ನದೇ ಜಾಡಿನ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಸಿಂಹಗಳು ಜಾಡು ಹಿಡಿದು ಬರುವ ಕಾಡಿನಲ್ಲಿ ಗಾಯಗೊಂಡ ಒಂಟಿ ಪ್ರಾಣಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಅದು ನಮಗೂ ಅದನ್ನೇ ಮಾಡುತ್ತದೆ.

ಸಾಯುವ ಹೊತ್ತಿಗೆ ಅದು ಉದ್ದವಾಗಿ ಒಮ್ಮೆ ನರಳುತ್ತದೆ. ಕೇಳಿದವರಿಗೆ ಎದೆ ಹಿಂಡುವಂಥ ಸದ್ದು. ಅನುಭವಿಗಳು ಅದಕ್ಕಾಗಿ ಕಿವಿಗೊಟ್ಟು ಕಾಯುತ್ತಾರೆ. ಆ ಸದ್ದು ಬಂದ ಮೇಲೂ ಸ್ವಲ್ಪ ಹೊತ್ತು ಬಿಟ್ಟು, ಹಿಂದಿನಿಂದ ಹತ್ತಿರ ಹೋಗಿ, ಇನ್ನೊಂದು ಈಡು ಹೊಡೆದೇ ಮುಟ್ಟುತ್ತಾರೆ.

ಸಿಂಹ, ಚಿರತೆ ಎರಡೂ ಬೆಕ್ಕಿನ ಜಾತಿ. ಎರಡೂ ಒಂದೇ ಥರ ಆಡಬೇಕಲ್ವಾ?

ಮೊದಲ ಕ್ಷಣದಲ್ಲಿ ಹೌದು. ಎರಡೂ ಗುರುಗುಟ್ಟಿ ನೆಗೆಯುತ್ತವೆ. ಏಟು ಬಿದ್ದ ಜಾಗವನ್ನೇ ಕಚ್ಚಿಕೊಳ್ಳುತ್ತವೆ. ಯಾರೋ ಕಚ್ಚಿದರು ಅಂತಲೇ ಅವು ತಿಳಿಯುವುದು.

ಆಮೇಲೆ ದಾರಿ ಬೇರೆ. ಗಾಯಗೊಂಡ ಸಿಂಹ ಹುಲ್ಲಿನೊಳಗೆ ಕೂತು ಗುರುಗುಡುತ್ತದೆ, ಬಾಲ ಬಡಿಯುತ್ತದೆ. ಮೇಲೆ ಬೀಳುವ ಮುಂಚೆ ಎಚ್ಚರಿಕೆ ಕೊಡುವುದೇ ಹೆಚ್ಚು. ಆದರೆ 50 ಮೀಟರ್ ದೂರವನ್ನು ಮೂರ್ನಾಲ್ಕು ಸೆಕೆಂಡಿನಲ್ಲಿ ದಾಟುತ್ತದೆ. ಚಿರತೆ ಸದ್ದೇ ಮಾಡುವುದಿಲ್ಲ. ಮೊಣಕಾಲೆತ್ತರದ ಹುಲ್ಲಿನಲ್ಲೂ ಮಾಯವಾಗುತ್ತದೆ. ತೀರಾ ಹತ್ತಿರ ಬರುವವರೆಗೆ ಬಿಟ್ಟು ಒಮ್ಮೆಲೇ ಎರಗುತ್ತದೆ. ಒಬ್ಬನನ್ನು ಕಚ್ಚಿ, ಬಿಟ್ಟು, ಪಕ್ಕದವನ ಮೇಲೆ ಹಾರುತ್ತದೆ. ಆದ್ದರಿಂದಲೇ ಸಿಂಹದ ಮೂರನೇ ಒಂದು ಭಾಗ ತೂಕದ ಈ ಪ್ರಾಣಿಯ ಹಿಂದೆ ಹೋಗಲು ಜಾಡುಗಾರರು ಹೆಚ್ಚು ಹೆದರುತ್ತಾರೆ.

ಕರಡಿ?

ಕರಡಿಯೂ ಗಾಯವನ್ನು ಕಚ್ಚುತ್ತದೆ, ಅರಚುತ್ತದೆ, ಉರುಳುತ್ತದೆ, ಇದ್ದಲ್ಲೇ ಗಿರಗಿರ ಸುತ್ತುತ್ತದೆ. ಆಮೇಲೆ ಓಡುತ್ತದೆ. ಉದ್ದ ಕೂದಲು ಮತ್ತು ಚಳಿಗಾಲಕ್ಕೆ ಕೂಡಿಟ್ಟ ಕೊಬ್ಬು ರಕ್ತವನ್ನು ನೆಲಕ್ಕೆ ಬೀಳಲು ಬಿಡುವುದಿಲ್ಲ. ಅಂಗಾಲು ಮೆತ್ತಗಿರುವುದರಿಂದ ಗೊರಸಿನಂತೆ ನೆಲದಲ್ಲಿ ಗುರುತೂ ಮೂಡುವುದಿಲ್ಲ. ಅಮೆರಿಕದ ಕಪ್ಪು ಕರಡಿ ಸಾಯುವಾಗ ಉದ್ದವಾಗಿ ನರಳುವುದುಂಟು. ಎಲ್ಲವೂ ನರಳುವುದಿಲ್ಲ, ಆದ್ದರಿಂದ ಸದ್ದು ಬರಲಿಲ್ಲ ಅಂತ ನಿರ್ಧಾರಕ್ಕೆ ಬರಬೇಡಿ.

ಆನೆಗೆ ತಲೆಗೆ ಗುಂಡು ಹೊಡೆದರೂ ಕೆಲವು ಸಲ ಎದ್ದು ಹೋಗುತ್ತದಂತೆ. ತಲೆಗೆ ಬಿದ್ದ ಮೇಲೂ ಬದುಕುತ್ತಾ?

ತಲೆ ಅಷ್ಟು ದೊಡ್ಡದು, ಮಿದುಳು ಸುಮಾರು 5 ಕಿಲೋ ಮಾತ್ರ. ಅದೂ ತಲೆಯ ಹಿಂಭಾಗದಲ್ಲಿ, ತಗ್ಗಿನಲ್ಲಿ ಇದೆ. ಉಳಿದದ್ದು ಜೇನುಗೂಡಿನಂತೆ ಗಾಳಿ ತುಂಬಿದ ಮೂಳೆ. ಅಲ್ಲಿ ಗುಂಡು ಹಾದುಹೋದರೆ ಆನೆ ತತ್ತರಿಸಿ ಬೀಳಬಹುದು. ಎಚ್ಚರವಾದ ಮೇಲೆ ಎದ್ದು ಹೋಗುತ್ತದೆ.

ವ್ಯತ್ಯಾಸ ಗುರುತಿಸುವುದು ಹೀಗೆ. ಗುಂಡು ಮಿದುಳಿಗೇ ಬಿದ್ದಿದ್ದರೆ ಹಿಂಗಾಲು ಮೊದಲು ಕುಸಿಯುತ್ತದೆ, ತಲೆ ಮತ್ತು ಸೊಂಡಿಲು ಮೇಲಕ್ಕೆ ಚಿಮ್ಮುತ್ತವೆ. ಮುಂಗಾಲು ಮೊದಲು ಮಡಚಿ ಮುಂದಕ್ಕೆ ಬಿದ್ದರೆ ಅದು ಬರೀ ಮಂಕು. ಒಂದೆರಡು ಸೆಕೆಂಡಿನಲ್ಲಿ ಮುಗಿದುಹೋಗುವ ಈ ದೃಶ್ಯವನ್ನು ಓದಲು ಬರುವವರು ಕೂಡಲೇ ಇನ್ನೊಂದು ಈಡು ಹೊಡೆಯುತ್ತಾರೆ.

ಜೊತೆಗಿದ್ದ ಆನೆಗಳ ವರ್ತನೆ ನೋಡುವುದು ಇನ್ನೂ ಕಷ್ಟ. ಬಿದ್ದದ್ದನ್ನು ಸೊಂಡಿಲು, ದಂತ ಕೊಟ್ಟು ಎಬ್ಬಿಸಲು ನೋಡುತ್ತವೆ. 2003ರಲ್ಲಿ ಕೆನ್ಯಾದ ಸಂಬೂರುವಿನಲ್ಲಿ ಒಂದು ಹಿರಿಯ ಹೆಣ್ಣಾನೆ ತಾನಾಗಿಯೇ ಕುಸಿದಾಗ ಬೇರೆ ಕುಟುಂಬದ ಆನೆಯೊಂದು ಬಂದು ಅದನ್ನು ಎತ್ತಿ ನಿಲ್ಲಿಸಿತ್ತು. ಸ್ವಂತ ಬಳಗವೂ ಅಲ್ಲದ ಆನೆ ಅದು! ಗುಂಡು ಬಿದ್ದ ಕಡೆ ಹಿಂಡು ಓಡದೆ ಸುತ್ತುವರಿದು ನಿಲ್ಲುವುದು ಯಾಕೆ ಅಂತ ಕೇಳುವವರಿಗೆ ನಾನು ಇದನ್ನೇ ಹೇಳುತ್ತೇನೆ.

ನೀರಾನೆ ನೀರಲ್ಲಿದ್ದಾಗ ಗುಂಡು ಬಿದ್ದರೆ ಏನಾಗುತ್ತೆ?

ಮಿದುಳಿಗೆ ಬಿದ್ದರೆ ಸದ್ದಿಲ್ಲದೆ ಮುಳುಗುತ್ತದೆ. ಹೊಟ್ಟೆಯಲ್ಲಿ ಗಾಳಿ ತುಂಬಿಕೊಂಡ ಮೇಲೆ ತೇಲುತ್ತದೆ, ಒಂದು ಗಂಟೆಯೋ ಅದಕ್ಕಿಂತ ಜಾಸ್ತಿಯೋ ಬೇಕು. ನೀರು ತಣ್ಣಗಿದ್ದರೆ ಇನ್ನೂ ತಡ. ತಪ್ಪಿ ಬೇರೆ ಕಡೆ ಬಿದ್ದರೆ ನೀರು ಚಿಮ್ಮಿಸಿ ಹೊರಳಾಡುತ್ತದೆ.

## ಜಾಡು ಹಿಡಿಯುವಾಗ

ಗುಂಡು ತಾಗಿದ ಸದ್ದು ಕೇಳಿಸುತ್ತೆ ಅಂತಾರೆ. ಅದರಿಂದ ಏನಾದರೂ ಗೊತ್ತಾಗುತ್ತಾ?

ಗೊತ್ತಾಗುತ್ತದೆ. 200 ಮೀಟರ್ ದೂರಕ್ಕೆ ಗುಂಡು ಕಾಲು ಸೆಕೆಂಡಿಗೆ ಸ್ವಲ್ಪ ಹೆಚ್ಚಿನ ಸಮಯದಲ್ಲಿ ತಲುಪುತ್ತದೆ. ತಾಗಿದ ಸದ್ದು ವಾಪಸ್ ಬರಲು ಇನ್ನೂ ಅರ್ಧ ಸೆಕೆಂಡಿಗಿಂತ ಜಾಸ್ತಿ ಬೇಕು. ಆದ್ದರಿಂದ ಕೋವಿಯ ಸದ್ದು ಮುಗಿದ ಮೇಲೆ ಅದು ಬೇರೆಯಾಗಿ ಕೇಳುತ್ತದೆ. ಮೂಳೆಗೆ ಬಿದ್ದರೆ ಒಣ ಕೊಂಬೆ ಮುರಿದಂತೆ 'ಟಕ್'. ಎದೆಗೂಡಿಗೆ ಬಿದ್ದರೆ 'ಧಪ್'. ಹೊಟ್ಟೆಗೆ ಬಿದ್ದರೆ ಒದ್ದೆ ಮೂಟೆಗೆ ಹೊಡೆದಂಥ ಟೊಳ್ಳು ಸದ್ದು. 50 ಮೀಟರ್ ಒಳಗೆ ಎಲ್ಲ ಸದ್ದೂ ಕಲಸಿಹೋಗುತ್ತವೆ. ಹೊಡೆದವರಿಗಿಂತ ಪಕ್ಕದಲ್ಲಿ ನಿಂತವರಿಗೇ ಇದು ಚೆನ್ನಾಗಿ ಕೇಳುವುದು.

ರಕ್ತದ ಬಣ್ಣ ನೋಡಿ ಹೇಗೆ ಹೇಳ್ತೀರಿ?

ಗುಲಾಬಿ ಬಣ್ಣ, ಸಣ್ಣ ಗುಳ್ಳೆಗಳ ನೊರೆ ಇದ್ದರೆ ಶ್ವಾಸಕೋಶ. ಹತ್ತಿರದಲ್ಲೇ ಸಿಗುತ್ತದೆ. ಕಡುಗೆಂಪು, ಹೆಚ್ಚುಕಡಿಮೆ ಕಂದು ಬಣ್ಣ ಆದರೆ ಲಿವರ್. ನೀರುನೀರಾಗಿದ್ದು, ಹಸಿರು ಚೂರು, ಅರೆದ ಹುಲ್ಲು, ಹುಳಿ ವಾಸನೆ ಇದ್ದರೆ ಹೊಟ್ಟೆ. ಬೆರಳಿಗೆ ಹಚ್ಚಿಕೊಂಡು ಮೂಸಿ ನೋಡಲು ಅಸಹ್ಯ ಪಡಬೇಡಿ. ಒಳ್ಳೆಯ ಕೆಂಪು ರಕ್ತ ಮೊದಲು ಧಾರಾಳವಾಗಿ ಬಿದ್ದು, ನೂರು ಇನ್ನೂರು ಮೀಟರಿನಲ್ಲಿ ಕಡಿಮೆಯಾಗುತ್ತಾ ನಿಂತುಹೋದರೆ ಬರೀ ಮಾಂಸದ ಗಾಯ ಇರಬಹುದು.

ಕೂದಲನ್ನೂ ನೋಡಿ. ಗುಂಡು ಹೊಕ್ಕ ಜಾಗದಲ್ಲಿ ಕತ್ತರಿಸಿದಂಥ ಕೂದಲು ಉದುರಿರುತ್ತದೆ. ಬೆನ್ನಿನದು ಉದ್ದ ಮತ್ತು ಕಪ್ಪು, ಹೊಟ್ಟೆಯ ಅಡಿಯದು ಬಿಳಿ ಮತ್ತು ಮೆತ್ತಗೆ. ರಕ್ತ ಎಷ್ಟು ಎತ್ತರದಲ್ಲಿ ಗಿಡಕ್ಕೆ ಹತ್ತಿದೆ ಅನ್ನುವುದೂ ಗಾಯದ ಎತ್ತರ ಹೇಳುತ್ತದೆ.

ಎಷ್ಟು ಹೊತ್ತು ಕಾಯಬೇಕು? ಕೂಡಲೇ ಹಿಂದೆ ಹೋದರೆ ಏನು ತಪ್ಪು?

ಗಾಯಗೊಂಡ ಪ್ರಾಣಿ ಹಿಂದೆ ಯಾರೂ ಬರುತ್ತಿಲ್ಲ ಅನ್ನಿಸಿದರೆ ಹತ್ತಿರದಲ್ಲೇ ಮಲಗುತ್ತದೆ. ಮಲಗಿದಲ್ಲೇ ಸಾಯುತ್ತದೆ. ಅಟ್ಟಿಸಿಕೊಂಡು ಹೋದರೆ ಮತ್ತೆ ಎದ್ದು ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ, ಈ ಸಲ ರಕ್ತದ ಗುರುತೂ ಇರುವುದಿಲ್ಲ. ಎದೆಗೆ ಬಿದ್ದದ್ದು ಅಂತ ಗೊತ್ತಿದ್ದರೆ 15ರಿಂದ 30 ನಿಮಿಷ ಸಾಕು. ಲಿವರ್ ಆದರೆ ಕೆಲವು ಗಂಟೆ. ಹೊಟ್ಟೆ ಆದರೆ 6ರಿಂದ 12 ಗಂಟೆ.

ಇದು ಕ್ರೂರ ಅಲ್ವಾ ಅಂತ ಕೇಳುತ್ತಾರೆ. ಕಾಯುವಾಗ ನನಗೂ ಹೊಟ್ಟೆ ಕಿವುಚಿದಂತಾಗುತ್ತದೆ. ಆದರೆ ಎಬ್ಬಿಸಿ ಓಡಿಸಿದರೆ ಅದರ ಸಂಕಟ ಒಂದು ರಾತ್ರಿಯಿಂದ ಮೂರು ದಿನಕ್ಕೆ ಬೆಳೆಯುತ್ತದೆ. ಕಾಲು ಮುರಿದ ಪ್ರಾಣಿಗೆ ಮಾತ್ರ ಈ ಲೆಕ್ಕ ಬೇರೆ. ನಾವು ಕಾದರೆ ಅದು ಸಾಯುವುದಿಲ್ಲ, ಬೇಗ ಹಿಂದೆ ಹೋಗಬೇಕು.

ಕಣ್ಣು ಮುಚ್ಚಿ ಮಲಗಿದೆ ಅಂದ್ರೆ ಸತ್ತಿದೆ ತಾನೆ?

ತದ್ವಿರುದ್ಧ. ಸತ್ತ ಪ್ರಾಣಿಯ ಕಣ್ಣು ಸಾಮಾನ್ಯವಾಗಿ ತೆರೆದೇ ಇರುತ್ತದೆ. ಕಣ್ಣು ಮುಚ್ಚಿದ್ದರೆ ಜೀವ ಇದೆ ಅಂತಲೇ ತಿಳಿಯಿರಿ. ಬೆನ್ನಿನ ಕಡೆಯಿಂದ ಹೋಗಿ, ಉದ್ದ ಕೋಲಿನ ತುದಿಯಿಂದ ಕಣ್ಣುಗುಡ್ಡೆ ಮುಟ್ಟಿ. ರೆಪ್ಪೆ ಅಲುಗಾಡಿದರೆ ದೂರ ಸರಿಯಿರಿ. ಸತ್ತ ಮೇಲೂ ಕಾಲು ಸ್ವಲ್ಪ ಹೊತ್ತು ಈಜಿದಂತೆ ಆಡುತ್ತದೆ. ಅದು ಬೆನ್ನುಹುರಿಯ ಆಟ, ಪ್ರಾಣಿಗೆ ಅದರ ಅರಿವಿಲ್ಲ.

ನಾಯಿ ಇಲ್ಲದೆ ಆಗಲ್ವಾ?

ರಕ್ತ ಕಾಣುವವರೆಗೆ ಆಗುತ್ತದೆ. ಆಮೇಲೆ ನಾಯಿಯೇ ಬೇಕು. ಸ್ವೀಡನ್‌ನಲ್ಲಿ ದೊಡ್ಡ ಗೊರಸಿನ ಪ್ರಾಣಿಗಳ ಬೇಟೆಗೆ ಹೋಗುವವರು ತರಬೇತಾದ ಜಾಡಿನ ನಾಯಿ ಎರಡು ಗಂಟೆಯೊಳಗೆ ಸ್ಥಳಕ್ಕೆ ಬರುವಂತೆ ಮೊದಲೇ ಏರ್ಪಾಟು ಮಾಡಿಕೊಂಡಿರಬೇಕು. ಅದು ಕಾನೂನು. ಜರ್ಮನಿಯ ಹ್ಯಾನೋವೇರಿಯನ್ ಮತ್ತು ಬವೇರಿಯನ್ ತಳಿಗಳನ್ನು ಈ ಕೆಲಸಕ್ಕೆಂದೇ ಬೆಳೆಸಿದ್ದಾರೆ. ಅವು ರಕ್ತವನ್ನಷ್ಟೇ ಮೂಸುವುದಿಲ್ಲ. ಪ್ರಾಣಿಯ ಗೊರಸಿನ ನಡುವಿನ ಗ್ರಂಥಿ ಬಿಟ್ಟ ವಾಸನೆಯನ್ನೂ ಹಿಡಿಯುತ್ತವೆ. ಹಿಂಡಿನ ಹತ್ತು ಜಾಡುಗಳ ನಡುವೆ ಗಾಯಗೊಂಡ ಒಂದನ್ನೇ ಬಿಡದೆ ಹೋಗುವುದನ್ನು ನೋಡಿದರೆ ಕೈಮುಗಿಯೋಣ ಅನ್ನಿಸುತ್ತದೆ.

## ಇನ್ನೂ ಒಳಕ್ಕೆ

ಬೆದರಿದ ಪ್ರಾಣಿಗೆ ಗುಂಡು ಬಿದ್ದರೆ ಜಾಸ್ತಿ ಓಡುತ್ತೆ ಅನ್ನೋದು ನಿಜಾನಾ?

ನಿಜ. ಮೇಯುತ್ತಾ ನೆಮ್ಮದಿಯಾಗಿದ್ದ ಪ್ರಾಣಿಗೆ ಎದೆಗೆ ಗುಂಡು ಬಿದ್ದರೆ ಕೆಲವು ಸಲ ತಲೆ ಎತ್ತಿ ನೋಡಿ, ನಡೆದು ಹೋಗಿ ಬೀಳುತ್ತದೆ. ಅದೇ ಪ್ರಾಣಿ ಮೊದಲೇ ನಮ್ಮ ವಾಸನೆ ಹಿಡಿದು ಕಿವಿ ನಿಮಿರಿಸಿದ್ದರೆ ಅಡ್ರಿನಲಿನ್ ಆಗಲೇ ಮೈತುಂಬಿರುತ್ತದೆ. ಓಟಕ್ಕೆ ಮೈ ಸಿದ್ಧವಾಗಿರುತ್ತದೆ. ಮಿದುಳು ನಿಲ್ಲುವ ಮುಂಚಿನ ಆ ಹದಿನೈದು ಸೆಕೆಂಡನ್ನು ಪೂರ್ತಿ ಬಳಸಿಕೊಳ್ಳುತ್ತದೆ.

ದೊಡ್ಡ ಕೋವಿ ಹಿಡಿದರೆ ಈ ತಾಪತ್ರಯವೇ ಇರಲ್ಲ ಅಲ್ವಾ?

ಆಫ್ರಿಕಾದ ಹಲವು ದೇಶಗಳಲ್ಲಿ ಅಪಾಯದ ಪ್ರಾಣಿಗಳಿಗೆ .375 ಇಂಚಿಗಿಂತ ಸಣ್ಣ ನಳಿಗೆಯ ಕೋವಿ ಬಳಸುವಂತಿಲ್ಲ. ಅದಕ್ಕೆ ಅರ್ಥವಿದೆ: ದಪ್ಪ ತೊಗಲು, ಮೂಳೆ ದಾಟಿ ಒಳಕ್ಕೆ ಹೋಗಬೇಕು. ಆದರೆ ದೊಡ್ಡ ಗುಂಡು ಹೊಟ್ಟೆಗೆ ಬಿದ್ದರೆ ಅದೂ ಹೊಟ್ಟೆಯ ಗಾಯವೇ. ಸ್ಕಾಟ್ಲೆಂಡ್‌ನ ವಾಲ್ಟರ್ ಬೆಲ್ ಕಳೆದ ಶತಮಾನದ ಆರಂಭದಲ್ಲಿ ದಂತಕ್ಕಾಗಿ ಸಾವಿರಕ್ಕೂ ಹೆಚ್ಚು ಆನೆ ಕೊಂದರು, ಬಹುಪಾಲು ಚಿಕ್ಕ 7 ಮಿಲಿಮೀಟರ್ ರೈಫಲಿನಿಂದ. ಆ ಸಂಖ್ಯೆ ನೆನೆದರೆ ಮನಸ್ಸು ಕಲಕುತ್ತದೆ. ಆದರೂ ಒಂದು ವಿಷಯ ಅದರಿಂದ ಸ್ಪಷ್ಟ. ತಲೆಬುರುಡೆಯೊಳಗೆ ಮಿದುಳು ಎಲ್ಲಿದೆ ಅಂತ ಅವರಿಗೆ ಪಕ್ಕಾ ಗೊತ್ತಿತ್ತು.

ಭುಜಕ್ಕೆ ಜೋರಾಗಿ ಒದೆಯುವ ಕೋವಿಗೆ ಹೆದರಿ ಕಣ್ಣು ಮುಚ್ಚುವವರು ಚಿಕ್ಕದರಲ್ಲಿ ಸರಿಯಾಗಿ ಹೊಡೆಯುವುದೇ ಪ್ರಾಣಿಗೆ ಒಳ್ಳೆಯದು.

ಬಾಣ ತಗುಲಿದರೂ ಹೀಗೇ ಆಡುತ್ತಾ?

ಬಾಣಕ್ಕೆ ಗುಂಡಿನಂತೆ ಸುತ್ತಲ ಮಾಂಸವನ್ನು ಅದುರಿಸುವ ಶಕ್ತಿ ಇಲ್ಲ. ಕೊಯ್ದುಕೊಂಡು ಹೋಗುತ್ತದೆ, ರಕ್ತ ಸೋರಿ ಪ್ರಾಣಿ ಸಾಯುತ್ತದೆ. ಹರಿತವಾದ ಬಾಣ ಪಕ್ಕೆಲುಬಿನ ನಡುವೆ ಹಾದುಹೋದರೆ ಜಿಂಕೆ ಬೆಚ್ಚಿ ನಾಲ್ಕು ನೆಗೆತ ನೆಗೆದು, ನಿಂತು, ಏನಾಯ್ತು ಅಂತ ಸುತ್ತ ನೋಡುವುದುಂಟು.

ಇನ್ನೊಂದು ವಿಶೇಷ. ಬಾಣದ ವೇಗ ಸೆಕೆಂಡಿಗೆ 80-90 ಮೀಟರ್, ಸದ್ದಿನದು 340. ಬಿಲ್ಲಿನ ಹೆದೆಯ ಸದ್ದು ಮೊದಲು ತಲುಪುತ್ತದೆ. ಜಿಂಕೆ ಓಡಲು ಮೈ ತಗ್ಗಿಸುತ್ತದೆ, ಬಾಣ ಅಂದುಕೊಂಡದ್ದಕ್ಕಿಂತ ಮೇಲೆ ಬೀಳುತ್ತದೆ.

ಅರಿವಳಿಕೆ ಸೂಜಿ ಹೊಡೆದಾಗ ಪ್ರಾಣಿಗಳು ಹೇಗೆ ಆಡುತ್ತವೆ?

ಕೂಡಲೇ ಬೀಳುವುದಿಲ್ಲ. ಬೆಚ್ಚುತ್ತವೆ, ಓಡುತ್ತವೆ, ಸಾಮಾನ್ಯವಾಗಿ 5ರಿಂದ 15 ನಿಮಿಷದಲ್ಲಿ ಮಲಗುತ್ತವೆ. ಈ ಸೂಜಿ ಹಾರಿಸುವ ಕೋವಿಯನ್ನು 1950ರ ದಶಕದಲ್ಲಿ ರೂಪಿಸಿದವರು ನ್ಯೂಜಿಲೆಂಡ್‌ನ ಕಾಲಿನ್ ಮರ್ಡೊಕ್. ಇಲ್ಲೂ ಪ್ರಾಣಿಯಿಂದ ಪ್ರಾಣಿಗೆ ವ್ಯತ್ಯಾಸ. ಆನೆ ಎದೆಯ ಮೇಲೆ ಕುಸಿದರೆ ಉಸಿರು ಕಟ್ಟುತ್ತದೆ, ತಕ್ಷಣ ಪಕ್ಕಕ್ಕೆ ಉರುಳಿಸಬೇಕು. ಜಿರಾಫೆ ಎಲ್ಲಕ್ಕಿಂತ ನಾಜೂಕು. ಬಿದ್ದ ಕೂಡಲೇ ಮದ್ದಿಳಿಸುವ ಚುಚ್ಚುಮದ್ದು ಕೊಟ್ಟು, ಕತ್ತು ಹಿಡಿದುಕೊಂಡು ಕೆಲಸ ಮುಗಿಸುತ್ತಾರೆ. ಜಿಂಕೆಗಳು ಭಯದ ಓಟಕ್ಕೇ ಸ್ನಾಯು ಹಾಳಾಗಿ ಕೆಲವು ದಿನ ಬಿಟ್ಟು ಸಾಯಬಹುದು. ಕಣ್ಣಿಗೆ ಬಟ್ಟೆ ಕಟ್ಟುವುದು, ಸದ್ದು ಮಾಡದಿರುವುದು ಅದಕ್ಕೇ.

ಎಷ್ಟು ಹುಡುಕಿದರೂ ಸಿಗಲಿಲ್ಲ. ಯಾವಾಗ ಕೈಬಿಡಬೇಕು?

ಕೊನೆಯ ಹನಿ ಕಂಡ ಜಾಗಕ್ಕೆ ಒಂದು ಬಟ್ಟೆ ಕಟ್ಟಿ. ಅಲ್ಲಿಂದ ಸುತ್ತು ಹಾಕಿ, ಪ್ರತಿ ಸುತ್ತೂ ಸ್ವಲ್ಪ ದೊಡ್ಡದು. ಹತ್ತಿರ ಹಳ್ಳವೋ ಕೆರೆಯೋ ಇದ್ದರೆ ಅದರ ಅಂಚು ಪೂರ್ತಿ ನೋಡಿ. ಹೊಟ್ಟೆಗೆ ಗಾಯವಾದ ಪ್ರಾಣಿ ನೀರಿನ ಹತ್ತಿರ ಸಿಗುವುದು ಬಹಳ. ಕತ್ತಲಾದರೆ ನಿಲ್ಲಿಸಿ, ನಾಯಿಗೆ ಹೇಳಿಕಳಿಸಿ. ದಕ್ಷಿಣ ಆಫ್ರಿಕಾದ ಕಡೆ ಒಂದು ಹನಿ ರಕ್ತ ಬಿದ್ದರೂ, ಪ್ರಾಣಿ ಸಿಗದಿದ್ದರೂ, ಬೇಟೆಗಾರ ಅದರ ಪೂರ್ತಿ ಶುಲ್ಕ ಕಟ್ಟುವ ರೂಢಿ ಇದೆ. ಎಲ್ಲ ಕಡೆಯೂ ಹಾಗೇ ಇರಬೇಕು ಅನ್ನುವವಳು ನಾನು.

ಮಾಂಸಕ್ಕೆ ಮಾತ್ರ ಗಾಯವಾದ ಪ್ರಾಣಿಗಳು ವಾಸಿಯಾಗಿ ವರ್ಷಗಟ್ಟಲೆ ಬದುಕುವುದೂ ಉಂಟು. ಆದರೆ ಅದನ್ನು ನೆಪ ಮಾಡಿಕೊಂಡು ಮನೆಗೆ ಹೋಗಬೇಡಿ. ಬೆಳಗಾಗುತ್ತಲೇ ಬಟ್ಟೆ ಕಟ್ಟಿದ ಜಾಗಕ್ಕೆ ಮತ್ತೆ ಬನ್ನಿ. ಸ್ವಲ್ಪ ಹೊತ್ತು ಸುಮ್ನೆ ನಿಂತು, ಕಾಗೆ, ರಣಹದ್ದು ಎಲ್ಲಿ ಇಳಿಯುತ್ತಿವೆ ನೋಡಿ.